ಬಾವುಟದ ಒಳರಟ್ಟು

"ಇದೂ ಬೇಡ," ಎಂದರು ಸಿಸ್ಟರ್ ಪ್ಲಾಚಿದಾ. "ಇದರಲ್ಲಿ ಬರೀ ಹೊಟ್ಟೆಗಳೇ."

ದಳಪತಿ ಮೊಸ್ಸೊತ್ತಿ ತನ್ನನ್ನೇ ಅಂದರೇನೋ ಎಂಬಂತೆ ಕರಿ ಅಂಗಿಯ ಮೇಲಿನ ಬೆಲ್ಟನ್ನು ಸರಿಮಾಡಿಕೊಂಡ. "ಯಾರ ಹೊಟ್ಟೆ, ಸಿಸ್ಟರ್?"

"ಅಕ್ಷರದ್ದು ಕಣಪ್ಪ. ಇದು ಉಬ್ಬಿದೆ, ಇದೂ ಉಬ್ಬಿದೆ, ಇದಂತೂ ತುಂಬು ಬಸುರಿ. ಎಪ್ಪತ್ತೆಂಟು ವರ್ಷದ ಕೈ ಇದು. ಕತ್ತರಿ ಸುತ್ತಿಸೋಕೆ ಆಗಲ್ಲ. ನೇರ ಗೆರೆ ಇರೋ ಅಕ್ಷರ ಕೊಡು, ಕತ್ತರಿಸ್ತೀನಿ."

ಕಸೂತಿ ಮಾಡುವ ಎರ್ಸಿಲಿಯಾಳ ಅಡುಗೆಮನೆಯ ಮೇಜಿನ ಮೇಲೆ ಕರಿ ಬಟ್ಟೆ ಹಾಸಿತ್ತು. ಅದರ ಮೇಲೆ ಅವಳು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದ ಲ್ಯಾಟಿನ್ ಅಕ್ಷರಗಳ ಮೇಲೆ ಸಿಸ್ಟರ್ ಬೆರಳಾಡಿಸುತ್ತಿದ್ದರು. ಫ್ಯಾಸಿಸ್ಟ್ ಪಕ್ಷ ಅಧಿಕಾರ ಹಿಡಿದ ದಿನದ ಹಬ್ಬಕ್ಕೆ, ಮೂವತ್ತೇಳರ ಅಕ್ಟೋಬರ್ ಇಪ್ಪತ್ತೆಂಟಕ್ಕೆ, ಕಾಸ್ತೆಲ್‌ರೊವೆರೊ ಊರಿನ ಪಕ್ಷದ ಕರಿ ಅಂಗಿ ಪಡೆಗೆ ಹೊಸ ಬಾವುಟ ಆಗಬೇಕಿತ್ತು. ಬಾವುಟವೆಂದ ಮೇಲೆ ಅದಕ್ಕೊಂದು ಲ್ಯಾಟಿನ್ ಧ್ಯೇಯವಾಕ್ಯ ಇರಲೇಬೇಕು. ಪಕ್ಕದ ಊರಿನವರ ಬಾವುಟಕ್ಕಿತ್ತು, ಅದರ ಪಕ್ಕದವರದಕ್ಕೂ ಇತ್ತು. ಪಡೆಯಲ್ಲಿ ಲ್ಯಾಟಿನ್ ಬಲ್ಲವನು ಒಬ್ಬನೂ ಇರಲಿಲ್ಲ ಎಂಬುದು ಬೇರೆ ಮಾತು. ಮೊಸ್ಸೊತ್ತಿಯಂತೂ ವಾರಕ್ಕೆ ಆರು ದಿನ ಟೋಪಿ ಅಂಗಡಿಯಲ್ಲಿ ಕೂರುವವನು. ಅವನು ಪಾದ್ರಿ ದೋನ್ ಎವಾಸಿಯೊ ಬಳಿ ಹೋಗಿ, ಅವರು ಮನಸ್ಸಿಲ್ಲದ ಮನಸ್ಸಿನಿಂದ ಮೂರು ವಾಕ್ಯ ಬರೆದುಕೊಟ್ಟ ಚೀಟಿ ತಂದಿದ್ದ. ಕೀರ್ತಿ, ವೈಭವ ಎಂಬ ಅರ್ಥದ ಮೊದಲನೆಯದು ಆಗಲೇ ಹೋಗಿತ್ತು. ಎದೆ, ಬಲ ಎನ್ನುವ ಎರಡನೆಯದು ಅವನಿಗೆ ಬಹಳ ಹಿಡಿಸಿತ್ತು. ಈಗ ಅದೂ ಹೋಯಿತು.

"ಮೂರನೇದು ಓದಮ್ಮ."

"ಉಸ್ಕ್ವೆ ಆದ್ ಫಿನೆಮ್," ಎಂದು ಓದಿದಳು ಎರ್ಸಿಲಿಯಾ. "ಕೊನೆಯ ತನಕ ಅಂತ ಅರ್ಥವಂತೆ."

ಅವಳು ಅದನ್ನು ಹಳೆಯ ಕಲ್ಲುಬರಹದ ಮಾದರಿಯ ಚೂಪು ಅಕ್ಷರಗಳಲ್ಲಿ ಬರೆದಳು. ಸಿಸ್ಟರ್ ಒಂದೊಂದೇ ಗೆರೆಯ ಮೇಲೆ ಬೆರಳು ಎಳೆದರು. ಜಪಮಣಿ ಎಣಿಸುವಾಗಿನಂತೆ ಅವರ ತುಟಿ ಅಲುಗುತ್ತಿತ್ತು. ಮುಗಿಸಿ, ಇನ್ನೊಮ್ಮೆ ಮೊದಲಿನಿಂದ ಎಳೆದರು.

"ಇದು ಆಗುತ್ತೆ. ಎರಡು ಮೂರು ಕಡೆ ಬಿಟ್ರೆ ಎಲ್ಲ ನೆಟ್ಟಗಿದೆ."

"ಆದ್ರೆ ಯಾವುದರ ಕೊನೆ ಅಂತ ಇದರಲ್ಲಿಲ್ವಲ್ಲ, ಸಿಸ್ಟರ್?"

"ಅದನ್ನ ದೇವರಿಗೆ ಬಿಡೋಣ. ನೀನು ಹೋಗಿ ಟೋಪಿ ಮಾರು."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವರ ಹಲ್ಲು ಉದುರುತ್ತಿತ್ತು. ಆದರೆ ಮೊಸ್ಸೊತ್ತಿಗೆ ಏಳನೆಯ ವಯಸ್ಸಿನಲ್ಲಿ ಧರ್ಮಪಾಠ ಹೇಳಿಕೊಟ್ಟವರು ಇವರೇ. ಬೆರಳ ಗೆಣ್ಣಿನ ಮೇಲೆ ತಿಂದ ಪೆಟ್ಟು ಮನುಷ್ಯ ಎಷ್ಟೇ ದೊಡ್ಡವನಾದರೂ ಮರೆಯುವುದಿಲ್ಲ. ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಟ.

ಸಿಸ್ಟರ್ ಪ್ಲಾಚಿದಾ ಕಸೂತಿಯಲ್ಲಿ ಎರ್ಸಿಲಿಯಾಳ ಗುರು. ಮಠದ ಕಸೂತಿ ಕೋಣೆ ಮುಚ್ಚಿದ ಮೇಲೆ ಅವರು ಗುಡ್ಡದ ಮೇಲಿನ ಮುದಿ ಸನ್ಯಾಸಿನಿಯರ ಮನೆ ಸೇರಿದ್ದರು. ಊರಿನಲ್ಲಿ ಜರಿ ಕೆಲಸ ಬಲ್ಲವಳು ಎರ್ಸಿಲಿಯಾ ಒಬ್ಬಳೇ ಎಂದು ಬಾವುಟದ ಕೆಲಸ ಅವಳಿಗೆ ಬಂದಾಗ, ಅಲ್ಲಿಯ ಹಿರಿಯರ ಅಪ್ಪಣೆ ಪಡೆದು, ಆ ಸೆಪ್ಟೆಂಬರಿನಲ್ಲಿ ಎರ್ಸಿಲಿಯಾಳ ಮನೆಗೇ ಬಂದು ಉಳಿದಿದ್ದರು. ಅವರ ಕಣ್ಣಿನ ವಿಷಯದಲ್ಲಿ ಊರಿನಲ್ಲಿ ಎರಡು ಅಭಿಪ್ರಾಯವಿತ್ತು. ಪೊರೆ ಬಂದು ಮಂಜಾಗಿದೆ ಎಂದು ಅವರೇ ಹೇಳುತ್ತಿದ್ದರು. ಎರಡು ಮಾರು ದೂರದಲ್ಲಿ ಮೊಸ್ಸೊತ್ತಿ ಕೈಯೆತ್ತಿ ಸೆಲ್ಯೂಟ್ ಹೊಡೆದರೆ "ಯಾರಪ್ಪ ಅದು, ಕತ್ತೆ ಹುಡುಕ್ತಿದ್ದೀಯಾ?" ಎಂದು ಕೇಳುತ್ತಿದ್ದರು. ಆದರೆ ಅಡುಗೆಮನೆಯ ಆ ಮೂಲೆಯಲ್ಲಿ ಹಾಲು ಉಕ್ಕುವುದು ಈ ಮೂಲೆಯಿಂದ ಅವರಿಗೆ ಮೊದಲು ಕಾಣುತ್ತಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ. ಎರ್ಸಿಲಿಯಾಳ ಗಂಡ ಗೌದೆನ್ಸಿಯೊ ಉಣ್ಣೆ ಗಿರಣಿಯ ಕೆಲಸಗಾರ. ಹಿಂದಿನ ವರ್ಷ, ಪಕ್ಷದ ವಿರುದ್ಧ ಮಾತಾಡಿದನೆಂದು, ಅವನನ್ನು ಹಿಡಿದು ದಕ್ಷಿಣದ ಒಂದು ದ್ವೀಪಕ್ಕೆ ಗಡೀಪಾರು ಮಾಡಿದ್ದರು. ಅವನು ಬಿಟ್ಟುಹೋದದ್ದು ಒಂದು ರಟ್ಟು. ಗಿರಣಿಯ ಇಪ್ಪತ್ತೇಳು ಮಂದಿ ಒಂದು ಭಾನುವಾರ ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ, 'ನಮ್ಮಲ್ಲಿ ಯಾರನ್ನು ಹಿಡಿದರೂ ಅವನ ಮನೆಯ ಒಲೆ ಆರದಂತೆ ಉಳಿದವರು ನೋಡಿಕೊಳ್ಳುತ್ತೇವೆ' ಎಂದು ದಪ್ಪ ರಟ್ಟಿನ ಮೇಲೆ ಬರೆದು, ಕೆಳಗೆ ಒಬ್ಬೊಬ್ಬರೇ ಸಹಿ ಮಾಡಿದ್ದರು. ಬುದ್ಧಿ ಇದ್ದವರು ಅದನ್ನು ಅಂದೇ ಸುಡುತ್ತಿದ್ದರು. ಆದರೆ ಇವರು ನಲವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಸಂಬಳದ ಹಾಳೆಗೆ ಹೆಬ್ಬೆಟ್ಟು ಒತ್ತಿದವರು, ತಾವಾಗಿ ಮನಸ್ಸಿಟ್ಟು ಹೆಸರು ಬರೆದದ್ದು ಅದೇ ಮೊದಲು. ಅದನ್ನು ಸುಡಲು ಕೈ ಹೇಗೆ ಬಂದೀತು? ಗೌದೆನ್ಸಿಯೊ ಅದನ್ನು ಸಂತ ಲುಚಿಯಾಳ ಪಟದ ಹಿಂದೆ ಸೇರಿಸಿ ಕಾಗದ ಅಂಟಿಸಿದ. ಅವನನ್ನು ಎಳೆದೊಯ್ದ ದಿನ ಹೊಸ್ತಿಲಲ್ಲಿ ನಿಂತು ಹೆಂಡತಿಯನ್ನೊಮ್ಮೆ, ಪಟವನ್ನೊಮ್ಮೆ ನೋಡಿದ. ಆಮೇಲೆ ಅವಳು ಅದನ್ನು ಸುಡುವುದಾದರೂ ಹೇಗೆ?

ಉಳಿದ ಇಪ್ಪತ್ತಾರು ಮಂದಿ ಮಾತು ತಪ್ಪಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಅವಳು ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಒಂದು ಚೀಲ ಇರುತ್ತಿತ್ತು. ಮೆಕ್ಕೆಜೋಳದ ಹಿಟ್ಟು, ಇಲ್ಲವೇ ಆಲೂಗಡ್ಡೆ, ಚಳಿಗಾಲದಲ್ಲಿ ಒಂದು ಹೊರೆ ಸೌದೆ. ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಈ ವಾರ ಯಾರ ಸರದಿಯೆಂದು ಅವಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ಹಾಗಾಗಿ ದಾರಿಯಲ್ಲಿ ಸಿಕ್ಕ ಗಿರಣಿಯವರಿಗೆಲ್ಲ ಅವಳು ಒಂದು ಗುಲಗಂಜಿ ಹೆಚ್ಚಾಗಿಯೇ ತಲೆ ಬಾಗಿಸುತ್ತಿದ್ದಳು.

"ಇದು ಯಾರು ಕೊಟ್ಟ ಹಿಟ್ಟು?" ಎಂದು ಸಿಸ್ಟರ್ ಮೊದಲ ಶನಿವಾರವೇ ಕೇಳಿದ್ದರು, ಪೊಲೆಂತಾ ಮುದ್ದೆಯನ್ನು ಬಾಯಿಗಿಡುತ್ತಾ.

"ಗೊತ್ತಿಲ್ಲ, ಸಿಸ್ಟರ್."

"ಹೆಸರು ಹೇಳದೋರ ಹಿಟ್ಟು ರುಚಿ ಜಾಸ್ತಿ," ಎಂದು ಅವರು ಇನ್ನೊಂದು ಚಮಚ ಹಾಕಿಸಿಕೊಂಡಿದ್ದರು.

ಬಾವುಟದ ಜರಿ ಅಕ್ಷರಗಳು ಬಟ್ಟೆಯಿಂದ ಉಬ್ಬಿ ನಿಲ್ಲಬೇಕಾದರೆ ಒಳಗೆ ರಟ್ಟು ಬೇಕು. ಅಕ್ಷರದ ಆಕಾರಕ್ಕೆ ರಟ್ಟು ಕತ್ತರಿಸಿ ಕರಿ ರೇಷ್ಮೆಯ ಮೇಲೆ ಕೂರಿಸಿ, ಮೇಲೆ ಹಳದಿ ಬಟ್ಟೆ ಹೊದಿಸಿ ಹೊಲಿಯಬೇಕು. ಆಮೇಲೆ ಅದರ ಮೇಲೆ ಚಿನ್ನದ ಎಳೆಯನ್ನು ಒತ್ತೊತ್ತಾಗಿ ಹಾಯಿಸಬೇಕು. ರಟ್ಟು ಕತ್ತರಿಸಿ ಹಳದಿ ಬಟ್ಟೆ ಹೊದಿಸುವುದು ಸಿಸ್ಟರ್ ಕೆಲಸ, ಜರಿ ಎರ್ಸಿಲಿಯಾಳದು. ಮಠದಲ್ಲಿ ಹಳೆಯ ಕಡತ, ಹರಿದ ಪುಸ್ತಕದ ಹೊದಿಕೆ ಎಲ್ಲ ಹೀಗೆ ಅಕ್ಷರದ ಹೊಟ್ಟೆ ಸೇರುತ್ತಿದ್ದವು. ಚೂರೂ ಹಾಳುಮಾಡಬಾರದೆಂಬುದು ಅಲ್ಲಿಯ ಮೊದಲ ನಿಯಮ. ಈ ಸಲ ಸಿಸ್ಟರ್ ಇಡೀ ಅಕ್ಷರ ಕತ್ತರಿಸದೆ, ಗೆರೆಗೊಂದು ಪಟ್ಟಿಯಂತೆ ಕತ್ತರಿಸಿ ಜೋಡಿಸುತ್ತಿದ್ದರು. ಯಾಕೆಂದು ಎರ್ಸಿಲಿಯಾ ಕೇಳಿದ್ದಕ್ಕೆ, "ಮುದುಕಿ ಕೈಗೆ ಸಣ್ಣ ಚೂರೇ ಸುಲಭ," ಎಂದಿದ್ದರು.

ಅಕ್ಟೋಬರ್ ಎರಡನೆಯ ವಾರದ ಒಂದು ಬೆಳಿಗ್ಗೆ, ಹತ್ತು ಗಂಟೆಗೆ, ಮೊಸ್ಸೊತ್ತಿ ನಾಲ್ವರೊಂದಿಗೆ ಬಂದ. ಈ ಸಲ ಅವನ ಕೈಯಲ್ಲಿ ಚೀಟಿ ಇರಲಿಲ್ಲ.

"ಮೇಲಿನವರ ಅಪ್ಪಣೆ ಕಣಮ್ಮ," ಎಂದ, ಅವಳ ಮುಖ ನೋಡದೆ. "ಪಕ್ಕದ ಊರಲ್ಲಿ ಒಬ್ಬ ಬಾಯಿ ಬಿಟ್ಟಿದ್ದಾನೆ. ಗಿರಣಿಯೋರ ಹೆಸರಿರೋ ರಟ್ಟು ಒಂದಿದೆಯಂತೆ. ಅದು ನಿನ್ನ ಗಂಡನ ಹತ್ರ ಇತ್ತಂತೆ."

ಹಾಸಿಗೆ ಸೀಳಿದರು. ಹಿಟ್ಟಿನ ಡಬ್ಬ ನೆಲಕ್ಕೆ ಸುರಿದರು. ಎರ್ಸಿಲಿಯಾ ಕಸೂತಿ ಚೌಕಟ್ಟಿನ ಅಂಚು ಹಿಡಿದು ನಿಂತಿದ್ದಳು. ಇಪ್ಪತ್ತೇಳು ಮನೆ, ಇಪ್ಪತ್ತೇಳು ಒಲೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಒಬ್ಬ ಗೋಡೆಯಿಂದ ಸಂತ ಲುಚಿಯಾಳನ್ನು ಇಳಿಸಿ, ಬೆನ್ನು ಮೇಲೆ ಮಾಡಿ, ಚಾಕುವಿನಿಂದ ಹಿಂದಿನ ಕಾಗದವನ್ನು ಉದ್ದಕ್ಕೆ ಸೀಳಿದ.

ಕಾಗದದ ಹಿಂದೆ ಬರೀ ಮರದ ಹಲಗೆ.

"ಏನೂ ಇಲ್ಲ, ಸ್ವಾಮಿ."

ಮೊಸ್ಸೊತ್ತಿ ನಿಟ್ಟುಸಿರುಬಿಟ್ಟ. ಅವನಿಗೂ ಸಮಾಧಾನವಾದಂತೆ ಕಂಡಿತು, ಬಾವುಟ ಮುಗಿಯುವ ಮುಂಚೆ ಕಸೂತಿಯವಳನ್ನು ಹಿಡಿದರೆ ಅವನಿಗೇ ನಷ್ಟ. ಚೌಕಟ್ಟಿನ ಮೇಲೆ ಬಾಗಿ, ಮುಗಿದಿದ್ದ ಜರಿ ಅಕ್ಷರಗಳನ್ನು ನೋಡಿ ಅವನ ಮುಖ ಅರಳಿತು. ಬೆರಳು ಚಾಚಿದ.

ಸಿಸ್ಟರ್ ಅವನ ಕೈಮೇಲೆ ಫಟ್ಟನೆ ಹೊಡೆದರು. "ಬೆವರಿಗೆ ಜರಿ ಕಪ್ಪಾಗುತ್ತೆ! ಪಡೆ ಬಾವುಟದ ಮುಂದೆ ಟೋಪಿ ಹಾಕ್ಕೊಂಡು ನಿಂತಿದ್ದೀರಲ್ಲ, ಇದೇನಾ ನೀವು ಕಲ್ತಿರೋ ಮರ್ಯಾದೆ?"

ಐವರೂ ಟೋಪಿ ತೆಗೆದರು.

ಅವರು ಹೋದ ಮೇಲೆ ಎರ್ಸಿಲಿಯಾ ಹಿಟ್ಟು ಚೆಲ್ಲಿದ್ದ ನೆಲದ ಮೇಲೆಯೇ ಕುಳಿತಳು. "ಸಿಸ್ಟರ್, ಆ ಪಟದ ಹಿಂದೆ ಒಂದು ರಟ್ಟಿತ್ತು."

"ಇತ್ತು. ಗಟ್ಟಿ ರಟ್ಟು. ಈಗ ಅಂಥದ್ದು ಎಲ್ಲಿ ಸಿಗುತ್ತೆ?" ಎಂದು ಅವರು ಕತ್ತರಿಯ ತುದಿಯಿಂದ ಬಾವುಟದ ಕಡೆ ತೋರಿಸಿದರು.

"ಅಯ್ಯೋ, ಅದರಲ್ಲಿ ಬರೆದಿತ್ತು!"

"ಬರೆದಿತ್ತಾ? ನನ್ನ ಕಣ್ಣಿಗೆ ಏನು ಕಾಣುತ್ತಮ್ಮ? ಗಟ್ಟಿಯಾಗಿದೆ ಅಂತ ಕೈಗೆ ಗೊತ್ತಾಯ್ತು, ಕತ್ತರಿಸಿದೆ. ಪಟಕ್ಕೆ ಕಾಗದ ಮತ್ತೆ ಅಂಟಿಸಿಟ್ಟೆ."

"ಉಳಿದ ಚೂರು?"

"ಹಾಲು ಕಾಯಿಸಿದೆ."

ಎರ್ಸಿಲಿಯಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ದೇವರೇ, ಈ ಮುದುಕಿಯ ಕುರುಡುತನಕ್ಕೂ ಜಿಪುಣತನಕ್ಕೂ ನಿನಗೆ ಕೋಟಿ ನಮಸ್ಕಾರ ಎಂದು ಅವಳು ಅಲ್ಲೇ ಕೈಮುಗಿದಳು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಮುಳ್ಳೊಂದು ಉಳಿಯಿತು. ಗಂಡ ತನ್ನ ಮೇಲಿಟ್ಟು ಹೋದದ್ದು ಅದೊಂದೇ. ಆ ಹೆಸರುಗಳೆಲ್ಲ ಈಗ ಎಲ್ಲೆಂದರಲ್ಲಿ ತುಂಡಾಗಿ ಜರಿಯ ಕೆಳಗೆ ಸೇರಿಹೋಗಿದ್ದವು.

ಇಪ್ಪತ್ತೆಂಟರಂದು ಚೌಕದಲ್ಲಿ ದೋನ್ ಎವಾಸಿಯೊ ಬಾವುಟದ ಮೇಲೆ ತೀರ್ಥ ಚಿಮುಕಿಸಿದರು. ಬಾವುಟ ಹಾದುಹೋಗುವಾಗ ಗಂಡಸರು ಟೋಪಿ ತೆಗೆಯಬೇಕು. ತೆಗೆಯದವರಿಗೆ ಸಂಜೆಯೊಳಗೆ ಹೊಡೆತ, ಇಲ್ಲವೇ ಹಿಡಿದು ಬಾಯಿಗೆ ಸುರಿಯುವ ಒಂದು ಸೀಸೆ ಹರಳೆಣ್ಣೆ. ಗಿರಣಿಯವರು ಸಾಲಾಗಿ ನಿಂತು ತೆಗೆದರು. ಬಣ್ಣದ ತೊಟ್ಟಿಯಲ್ಲಿ ಅದ್ದಿ ಅದ್ದಿ ಕೈ ನೀಲಿಯಾಗಿದ್ದ ಪಿಯೊ ಗೈ ಎಂಬ ಎತ್ತರದ ಆಳು ಕಹಿ ಕಷಾಯ ಕುಡಿದವನಂತೆ ಮುಖ ಮಾಡಿಕೊಂಡು ತೆಗೆದ. ಅವನ ತಲೆಯ ಮೇಲೆ ಅವನದೇ ಹೆಸರಿನ ಯಾವುದೋ ಚೂರು ಚಿನ್ನ ಹೊದ್ದು ಹೋಗುತ್ತಿರುವುದು ಎರ್ಸಿಲಿಯಾಳಿಗೆ ಮಾತ್ರ ಗೊತ್ತಿತ್ತು. ಹೇಳುವಂತಿರಲಿಲ್ಲ, ಗೊತ್ತಿಲ್ಲದವರ ಬಾಯಿ ಬಿಡಿಸಲಾಗದು.

"ಎಲ್ಲರೂ ಟೋಪಿ ತೆಗೆದ್ರಾ?" ಎಂದು ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದ ಸಿಸ್ಟರ್ ಕೇಳಿದರು.

"ತೆಗೆದ್ರು, ಸಿಸ್ಟರ್."

"ಆ ನೀಲಿ ಕೈಯವನೂ?"

"ಅವನೂ."

"ಒಳ್ಳೇದಾಯ್ತು," ಎಂದು ಅವರು ಶಾಲು ಹೊದ್ದುಕೊಂಡರು.

ಸಿಸ್ಟರ್ ಪ್ಲಾಚಿದಾ ಯುದ್ಧ ಶುರುವಾದ ಮರುವರ್ಷದ ಚಳಿಯಲ್ಲಿ ತೀರಿಕೊಂಡರು. ಗೌದೆನ್ಸಿಯೊ ನಲವತ್ತಮೂರರ ಬೇಸಿಗೆಯಲ್ಲಿ, ಮಲೇರಿಯಾದಿಂದ ಅರ್ಧವಾಗಿ ಮನೆಗೆ ಬಂದ. ಎರ್ಸಿಲಿಯಾ ರಟ್ಟಿನ ಕಥೆ ಹೇಳಿದಳು. "ಹೆಸರು ಹೋದ್ರೆ ಹೋಗ್ಲಿ, ಜನ ಉಳಿದ್ರಲ್ಲ," ಎಂದ. ಆದರೆ ಹಾಗೆ ಹೇಳುವಾಗ ಅವನ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಸಹಿ ಕಲಿಯುವ ದಿನಗಳಲ್ಲಿ ಊಟದ ಮೇಜಿನ ಮೇಲೆ ಮಾಡುತ್ತಿದ್ದಂತೆ. ಅವಳು ಅದನ್ನು ನೋಡಿ ನೋಡದಂತೆ ಇದ್ದಳು.

ನಲವತ್ತೈದರ ಏಪ್ರಿಲ್ ಕೊನೆಗೆ ಕರಿ ಅಂಗಿಯವರು ರಾತ್ರೋರಾತ್ರಿ ಜಾಗ ಖಾಲಿಮಾಡಿದರು. ಮೊಸ್ಸೊತ್ತಿ ಅಂಗಡಿಯ ಟೋಪಿಗಳನ್ನೂ ಬಿಟ್ಟು ಓಡಿದ. ಮರುದಿನ ಮಧ್ಯಾಹ್ನ ಊರಿನವರು ಪಕ್ಷದ ಕಚೇರಿಗೆ ನುಗ್ಗಿ, ಪಟ, ಕಡತ, ಕುರ್ಚಿ ಎಲ್ಲವನ್ನೂ ಚೌಕದಲ್ಲಿ ರಾಶಿ ಹಾಕಿ ಬೆಂಕಿ ಇಟ್ಟರು. ಹಾಡು ಕೇಳಿ ಎರ್ಸಿಲಿಯಾ ಏಪ್ರನ್ನಿನಲ್ಲೇ ಓಡಿದಳು. ಅವಳು ತಲುಪುವ ಹೊತ್ತಿಗೆ ಪಿಯೊ ಗೈ ಬಾವುಟದ ಕೋಲು ಹಿಡಿದು ಬೆಂಕಿಯ ಮುಂದೆ ನಿಂತಿದ್ದ.

"ಪಿಯೊ! ಅದನ್ನ ಹಾಕ್ಬೇಡ!"

ಹಾಡು ನಿಂತಿತು. ಬಟ್ಟೆ ಒಗೆಯುವ ಕ್ಲೆಮೆಂತಿನಾ ಸೊಂಟದ ಮೇಲೆ ಕೈಯಿಟ್ಟಳು. "ನೋಡ್ರೇ ಇವಳನ್ನ! ತಾನು ಹೊಲಿದದ್ದು ಸುಟ್ಟೋಗುತ್ತೆ ಅಂತ ಸಂಕಟ! ಅವರ ರೊಟ್ಟಿ ತಿಂದ ಋಣ ಅಲ್ವಾ?"

"ತಿಂದೆ," ಎಂದಳು ಎರ್ಸಿಲಿಯಾ. ಅವಳ ಕಾಲು ಹಿಂದೆ ಸರಿಯಲಿಲ್ಲ. "ಅವರದ್ದೂ ತಿಂದೆ, ನಿಮ್ಮದ್ದೂ ತಿಂದೆ. ಏಳು ವರ್ಷ, ಶನಿವಾರ ಶನಿವಾರ ತಿಂದೆ. ಪಿಯೊ, ನಿಮ್ಮ ರಟ್ಟು ಅದರೊಳಗಿದೆ. ಚೂರೋ ಪಾರೋ, ಉಳಿದದ್ದನ್ನ ನನಗೆ ಕೊಡು. ಬಟ್ಟೆ ನೀವೇ ಸುಡಿ."

ಪಿಯೊ ಬಾಯಿ ತೆರೆದು, ಅವಳನ್ನು ನೋಡಿ, ಬಾವುಟವನ್ನು ನೋಡಿ, ಕೋಲನ್ನು ಕೆಳಗಿಳಿಸಿದ. "ಎಂಟು ವರ್ಷ ನಾನು ಟೋಪಿ ತೆಗೆದಿದ್ದು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಅವನೇ ಅದನ್ನು ಹೆಗಲ ಮೇಲೆ ಹೊತ್ತು ಅವಳ ಹಿಂದೆ ನಡೆದ.

ಅಡುಗೆಮನೆಯ ಕಿಟಕಿಯ ಬೆಳಕಿಗೆ ಮೇಜನ್ನು ಎಳೆದು, ಗೌದೆನ್ಸಿಯೊ, ಪಿಯೊ ಇಬ್ಬರನ್ನೂ ಕೂರಿಸಿ, ಎರ್ಸಿಲಿಯಾ ಸಣ್ಣ ಕತ್ತರಿ ಹಿಡಿದಳು. ಕೊನೆಯ ಪದದಲ್ಲಿ ಕಂಬದಂತೆ ಒಂಟಿಯಾಗಿ ನಿಂತ ಒಂದು ಗೆರೆಯ ಅಕ್ಷರವಿತ್ತು. ಅದರಿಂದಲೇ ಶುರುಮಾಡಿದಳು. ಜರಿಯ ಎಳೆಯನ್ನು ಬಿಚ್ಚಿ ರೀಲಿಗೆ ಸುತ್ತಿದಳು, ಚೂರೂ ಹಾಳುಮಾಡಬಾರದಲ್ಲ. ಹಳದಿ ಬಟ್ಟೆ ತೆಗೆದಳು. ಬೋರಲು ಮಲಗಿದ್ದ ರಟ್ಟಿನ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ತಿರುವಿದಳು.

ಗೌದೆನ್ಸಿಯೊ ಪ್ರೆಲ್ಲಿ.

ಮೊದಲ ಅಕ್ಷರ ಆನೆಯಷ್ಟು, ಆಮೇಲಿನವು ಜಾಗ ಸಾಲದೆ ಒಂದರ ಮೇಲೊಂದು ಬಿದ್ದಿದ್ದವು. ಆದರೆ ಇಡೀ ಹೆಸರು ಅಲ್ಲಿತ್ತು. ಒಂದು ಚುಕ್ಕೆಯೂ ತುಂಡಾಗಿರಲಿಲ್ಲ.

"ಅದೃಷ್ಟ ಕಣೇ," ಎಂದ ಗೌದೆನ್ಸಿಯೊ.

ಅವಳು ಇನ್ನೊಂದು ಅಕ್ಷರ ಬಿಚ್ಚಿದಳು. ನಿಂತ ಗೆರೆಯಲ್ಲಿ ಒಂದು ಉದ್ದನೆಯ ಹೆಸರು. ಅಡ್ಡ ಚಾಚಿದ ಪುಟ್ಟ ತೋಳುಗಳಲ್ಲಿ ಪುಟ್ಟ ಪುಟ್ಟ ಹೆಸರುಗಳು. ನಡುವಿನ ತೀರಾ ಗಿಡ್ಡ ತೋಳಿನಲ್ಲಿ ಪಿಯೊ ಗೈ. ಅವಳು ಮೂರನೆಯ ಅಕ್ಷರವನ್ನೂ ಬಿಚ್ಚಿದಳು. ಉದ್ದ ಗೆರೆಗೆ ಉದ್ದ ಹೆಸರು, ಗಿಡ್ಡ ಗೆರೆಗೆ ಗಿಡ್ಡ ಹೆಸರು. ಗೆರೆಗೊಂದು ಹೆಸರು, ಯಾವುದಕ್ಕೂ ಕತ್ತರಿ ತಾಗಿರಲಿಲ್ಲ.

ಎರ್ಸಿಲಿಯಾಳ ಕೈ ನಿಂತಿತು. ಸೀಮೆಸುಣ್ಣದ ಗೆರೆಗಳ ಮೇಲೆ ಹರಿದ ಬೆರಳು, ಅಲುಗಿದ ತುಟಿ ನೆನಪಾದವು. ಹೊಟ್ಟೆ ಇರುವ ಅಕ್ಷರ ಬೇಡ, ನೇರ ಗೆರೆ ಕೊಡು. ಜಪವಲ್ಲ, ಅಂದು ಅವರು ಎಣಿಸುತ್ತಿದ್ದರು. ಮೊಸ್ಸೊತ್ತಿ ಚೀಟಿ ತರುವ ಮುಂಚೆಯೇ ಪಟದ ಹಿಂದಿನದು ಅವರಿಗೆ ಗೊತ್ತಿತ್ತು. ಹೆಸರುಗಳಿಗೆ ಸರಿಯಾಗಿ ಗೆರೆ ಸಿಗುವ ತನಕ ದಳಪತಿಯ ಕೀರ್ತಿಯನ್ನೂ ಎದೆಯನ್ನೂ ಬಲವನ್ನೂ ತಳ್ಳಿಹಾಕಿದ್ದರು. ಇವಳೋ, ಎಂಟು ವರ್ಷ ಅವರ ಕುರುಡುತನಕ್ಕಾಗಿ ದೇವರಿಗೆ ಕೈಮುಗಿದಿದ್ದಳು. ಬದುಕಿದ್ದಾಗ ಒಮ್ಮೆಯಾದರೂ ಅವರ ಕಾಲು ಹಿಡಿಯಲಿಲ್ಲವಲ್ಲ ಎಂದು ಅವಳಿಗೆ ದುಃಖ ಉಮ್ಮಳಿಸಿತು. ಆ ದುಃಖದ ತುಂಬ ಇದ್ದದ್ದು ಉಪಕಾರದ ಸ್ಮರಣೆ.

"ಇಪ್ಪತ್ತೇಳು," ಎಂದು ಗೌದೆನ್ಸಿಯೊ ಕೊನೆಯ ಪಟ್ಟಿಯನ್ನು ಸಾಲಿಗೆ ಸೇರಿಸಿದ. "ಮುಗೀತು ಬಿಡು."

"ಸೊಟ್ಟನೆಯವು ಉಳಿದಿವೆ," ಎಂದಳು ಅವಳು.

ಅವುಗಳಲ್ಲಿ ಏನಿರಬಹುದೆಂದು ಅವಳೇನೂ ಅಂದುಕೊಂಡಿರಲಿಲ್ಲ. ಜರಿ ಹಾಳಾಗಬಾರದೆಂದು ಬಿಚ್ಚಿದಳು ಅಷ್ಟೆ. ಒಂದು ಬರಿದು. ಇನ್ನೊಂದೂ ಬರಿದು. ಹಾವಿನಂತೆ ಎರಡು ಸಲ ಬಳುಕಿದ, ವಾಕ್ಯದ ಎರಡನೆಯ ಅಕ್ಷರದ ಕೆಳಗಿದ್ದ ರಟ್ಟು ಮಾತ್ರ ಬೇರೆ ಥರದ್ದು, ಪ್ರಾರ್ಥನಾ ಪುಸ್ತಕದ ಹೊದಿಕೆಯದು. ಅದರ ಮೇಲೆ ಮಠದ ಮುದ್ದಾದ ಅಕ್ಷರದಲ್ಲಿ, ಬಳುಕಿದಲ್ಲಿ ತಾನೂ ಬಳುಕುತ್ತಾ, ಒಂದು ಹೆಸರು ಹರಿದಿತ್ತು. ದೊಮೆನಿಕಾ ರೊಲಾಂಡೊ.

"ಇದ್ಯಾರು?" ಎಂದ ಪಿಯೊ. "ಗಿರಣೀಲಿ ಈ ಹೆಸರಿನೋರು ಯಾರೂ ಇಲ್ಲ."

ಎರ್ಸಿಲಿಯಾ ಅಕ್ಷರದ ಓಟವನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷ ಇದೇ ಕೈಬರಹದಲ್ಲಿ ಬರೆದ ನಮೂನೆಗಳ ಮೇಲೆ ಅವಳು ಹೊಲಿದಿದ್ದಳು. ಮಠ ಸೇರುವ ಮುಂಚೆ ಸಿಸ್ಟರಿಗೂ ಒಂದು ಹೆಸರಿದ್ದಿರಬೇಕೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಸಿಸ್ಟರ್ ಪ್ಲಾಚಿದಾ," ಎಂದಳು. "ಅವರೂ ಸಹಿ ಹಾಕಿದ್ದಾರೆ."

ಪಿಯೊ ಆ ಬಳುಕಿದ ಚೂರನ್ನು ನೀಲಿ ಬೆರಳುಗಳಿಂದ ಎತ್ತಿ, ಬಹಳ ಹೊತ್ತು ನೋಡಿ, ಸಾಲಿನ ಕೊನೆಯಲ್ಲಿ ಮೆಲ್ಲಗೆ ಇಟ್ಟ. "ಇಪ್ಪತ್ತೆಂಟು," ಎಂದ.

ಮುಂದಿನ ಶನಿವಾರ ಬೆಳಿಗ್ಗೆ ಎರ್ಸಿಲಿಯಾ ಬಾವಿಯಿಂದ ನೀರು ತರುವಾಗ ಗುಡ್ಡದ ದಾರಿಯಲ್ಲಿ ಪಿಯೊ ಹತ್ತುತ್ತಿರುವುದು ಕಂಡಿತು. ಹೆಗಲ ಮೇಲೆ ಹಿಟ್ಟಿನ ಚೀಲ ಇತ್ತು. ಮುದಿ ಸನ್ಯಾಸಿನಿಯರ ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಅವನು ಚೀಲವನ್ನು ಹೊಸ್ತಿಲ ಮೇಲಿಟ್ಟು, ಬಾಗಿಲು ತಟ್ಟದೆ, ಟೋಪಿ ತೆಗೆದು ಒಂದು ಗಳಿಗೆ ನಿಂತ. ಆಮೇಲೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಇಳಿದು ಬಂದ.